ಹಾಜರಿ ಪುಸ್ತಕದಲ್ಲಿಲ್ಲದ ಇಬ್ರಾಹಿಂ ಸಾಬರು

ಮಾನ್ಯ ಓದುಗರಲ್ಲಿ ವಿನಂತಿ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನನ್ನ ಕಾಗುಣಿತವೂ ಕೈಬರಹವೂ ತಮಗೆ ತೊಂದರೆ ಕೊಡುವುದು ಖಂಡಿತ. ಅದಕ್ಕಾಗಿ ಮೊದಲೇ ಕ್ಷಮೆ ಕೋರಿ, ಕೆಳಕಂಡ ವಿಷಯವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಕಳೆದ ವಾರ ಆಲ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕಕ್ಕೆ ಬಂದು ನಿಂತ ಜೀಪಿನಿಂದ ಮುಗ್ಗಲು ವಾಸನೆಯೊಂದು ಮೂಗಿಗೆ ಬಡಿಯಿತು. ಕಾಫಿ ಗಿಡದ ಕಾಂಡಕೊರಕ ಹುಳುವಿಗೆ ಹೊಡೆಯುವ ಪುಡಿಯದು. ಅಕ್ಕಪಕ್ಕದವರು ಬೋಂಡ ತಿನ್ನುತ್ತಲೇ ಇದ್ದರು. ನನಗೆ ಮಾತ್ರ ಇಬ್ರಾಹಿಂ ಸಾಬರು ಎದುರು ಬಂದು ನಿಂತಂತಾಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಾವಳಿ ಸಮೀಪದ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ಬರವಣಿಗೆ ಎಂದರೆ ಆಳುಗಳ ಹಾಜರಿ, ಅಷ್ಟೇ. ಸಾಬರು ನಮ್ಮ ಸ್ಪ್ರೇ ಯಂತ್ರಗಳ ಮೆಕ್ಯಾನಿಕ್. ಸದ್ದು ಕೇಳಿಯೇ ಯಾವ ವಾಷರ್ ಹೋಗಿದೆಯೆಂದು ಹೇಳಬಲ್ಲವರು. ಪುಡಿ ಹೊಡೆಯುವ ಕಾಯಂ ಆಳು ಬಾಬು ಬಾರದ ದಿನ ಯಂತ್ರವನ್ನು ತಾವೇ ಬೆನ್ನಿಗೇರಿಸುತ್ತಿದ್ದರು. ಬಾಬು ಬಾರದ ದಿನಗಳೇ ಹೆಚ್ಚು. ಕಾಯಂ ಆಳಿನ ಹಾಜರಿ ಮುರಿಯಬಾರದೆಂದು ಯಾರು ಹೊಡೆದರೂ ಅವನ ಹೆಸರಿಗೇ ಬರೆಯುವುದು ನಮ್ಮಲ್ಲಿ ರೂಢಿಯಾಗಿತ್ತು. ನಾನೂ ಹಾಗೆಯೇ ಬರೆದೆ, ಐದು ವರ್ಷ.

ಸಾಬರ ಹೊಟ್ಟೆಯ ಎಡಭಾಗ ಊದಿದಾಗ ನಾವೆಲ್ಲ ಮಲೇರಿಯಾದಿಂದ ಬರುವ ಜ್ವರಗಡ್ಡೆ ಎಂದೆವು. ದೊಡ್ಡ ಆಸ್ಪತ್ರೆಯಲ್ಲಿ ಅದು ಬಲು ಅಪರೂಪದ ರಕ್ತದ ಕ್ಯಾನ್ಸರ್ ಎಂದರು. ಸೂಕ್ಷ್ಮದರ್ಶಕದಲ್ಲಿ ರಕ್ತಕಣಗಳ ಅಂಚಿಗೆ ಕೂದಲು ಬೆಳೆದಂತೆ ಕಾಣುತ್ತದಂತೆ. ಆ ಕಾಯಿಲೆಯ ಮೂಲ ಹುಡುಕುತ್ತಿದ್ದ ಸುಶೀಲಾ ಡಾಕ್ಟರು, ತಮ್ಮ ಕೈಕೆಳಗೆ ಸಂಶೋಧನೆ ಕಲಿಯುತ್ತಿದ್ದ ಪ್ರಭಾಕರ ಎಂಬ ಹೊಸ ಡಾಕ್ಟರನ್ನು ಕರೆದುಕೊಂಡು ಎಸ್ಟೇಟಿಗೆ ಬಂದರು. ಕಾಯಿಲೆ ಬಂದವರು ಏನೇನು ಮುಟ್ಟಿದ್ದರು, ಬಾರದವರು ಏನೇನು ಮುಟ್ಟಿದ್ದರು ಎಂದು ಹೋಲಿಸಿ ನೋಡುವುದು ಅವರ ಕೆಲಸ.

ಪ್ರಭಾಕರ ಎರಡು ದಿನ ಆಫೀಸಿನಲ್ಲೇ ಕುಳಿತು, ಒಬ್ಬರನ್ನೂ ಮಾತನಾಡಿಸದೆ, ಹಾಜರಿ ಪುಸ್ತಕವನ್ನು ನಕಲು ಮಾಡಿದರು.

“ಮೇಡಂ, ಇಬ್ರಾಹಿಂ ಒಂದು ದಿನವೂ ಹೊಡೆದಿಲ್ಲ.”

“ಹಾಗಂತ ಅವರು ಹೇಳಿದ್ರಾ?”

“ಪುಸ್ತಕದಲ್ಲಿದೆ.”

“ಕಾಯಿಲೆ ಬಂದಿರೋದು ಪುಸ್ತಕಕ್ಕಾ? ಏಳಪ್ಪ, ಅವರ ಮನೆಗೆ ಹೋಗೋಣ.”

ದಾರಿ ತೋರಿಸಲು ನಾನೂ ಹೊರಟೆ. ಮ್ಯಾನೇಜರರು ನನ್ನನ್ನು ಬದಿಗೆ ಕರೆದು, “ಬರೆದದ್ದಷ್ಟು ಹೇಳಿ. ಉಳಿದದ್ದು ನಿಮಗ್ಯಾಕೆ?” ಎಂದರು. ಒಬ್ಬ ಮನುಷ್ಯ ತಾನು ಏತಕ್ಕೆ ಸಾಯುತ್ತಿದ್ದೇನೆಂದು ಕೇಳುತ್ತಿರುವಾಗ ಆಡುವ ಮಾತೇ ಅದು, ತಾವೇ ಹೇಳಿ.

ಸಾಬರು ಅಂಗಿ ಸರಿಸಿ ಹೆಗಲ ಮೇಲಿನ ಕಪ್ಪು ಕಲೆ ತೋರಿಸಿದರು. “ಯಂತ್ರದ ಪಟ್ಟಿ ಉಜ್ಜಿದ್ದು ಡಾಕ್ಟ್ರೆ. ಐದು ವರ್ಷ ಹೊಡ್ದೋನು ನಾನು, ಹಾಜರಿ ಬಿದ್ದದ್ದು ಬಾಬೂಗೆ. ಅವ ಮನೇಲಿ ಮಲಗೇ ಕಾಯಂ ಉಳ್ದ.” ಆಮೇಲೆ ನನ್ನತ್ತ ತಿರುಗಿ, “ಹೇಳಿ ಮಾರಾಯ್ರೆ, ನಿಮ್ಮ ಕೈಯಲ್ಲೇ ಬರ್ದದ್ದಲ್ವ?” ಎಂದರು.

“ದಾಖಲೆಯ ಪ್ರಕಾರ ಹಾಗೆ ಕಂಡುಬರುವುದಿಲ್ಲ” ಎಂದೆ ನಾನು.

ಸಾಬರು ನಕ್ಕರು. “ನಾನು ಕೇಳಿದ್ದು ನಿಮ್ಮನ್ನ.”

ಮ್ಯಾನೇಜರರ ಮೇಲೆ ನನಗಿರುವ ಸಿಟ್ಟು ದೊಡ್ಡದು. ಆದರೆ ಆ ವಾಕ್ಯವನ್ನು ಅವರು ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ರಚನೆ. ವ್ಯಾಕರಣದಲ್ಲಿ ಒಂದು ದೋಷವೂ ಇಲ್ಲ.

ಸುಶೀಲಾ ಡಾಕ್ಟರು ನನ್ನನ್ನು ಬೈಯಲಿಲ್ಲ. ಶಿಷ್ಯನಿಗೆ ಹೇಳಿದರು: “ಇಬ್ಬರ ಮಾತನ್ನೂ ಬರ್ಕೋ, ಯಾರು ಹೇಳಿದ್ದು ಅಂತಲೂ ಬರಿ. ಪುಡಿಯಿಂದಲೇ ಬಂತು ಅಂತ ಬರೀಬೇಡ, ಅದು ನಮಗೆ ಗೊತ್ತಿಲ್ಲ. ಹೊಡೆದೇ ಇಲ್ಲ ಅಂತಲೂ ಬರೀಬೇಡ. ಇವರು ನಿನ್ನ ಪಟ್ಟಿಗೆ ಹೊಂದದಿದ್ರೆ ತಪ್ಪು ಪಟ್ಟಿಯದು.” ಪ್ರಭಾಕರ ಎರಡು ದಿನದ ನಕಲನ್ನು ಮಡಿಸಿಟ್ಟು, ಚಾಪೆಯ ಮೇಲೆ ಕುಳಿತು ಮೊದಲಿನಿಂದ ಕೇಳತೊಡಗಿದರು.

ಮುಂದಿನ ಕಾಫಿ ಕೊಯ್ಲಿಗೆ ಸಾಬರು ಇರಲಿಲ್ಲ. ಮ್ಯಾನೇಜರರು ಬಂದವರೆದುರೆಲ್ಲ, “ಆಳುಗಳ ನೆನಪನ್ನು ನಂಬಿ ಸಂಶೋಧನೆ ಮಾಡುತ್ತಾರಂತೆ” ಎಂದು ನಗುತ್ತಿದ್ದರು. ನೆನಪು ನಿಜವಾಗಿತ್ತು, ಪುಸ್ತಕ ಸುಳ್ಳಾಗಿತ್ತು. ಅದನ್ನು ಬಲ್ಲ ನಾನು ಪಕ್ಕದ ಮೇಜಿನಲ್ಲೇ ತಲೆ ಬಗ್ಗಿಸಿ ಕುಳಿತಿದ್ದೆ.

ಈಗ ಪ್ರಭಾಕರರ ಕೈಕೆಳಗೂ ಹೊಸಬರು ಕಲಿಯುತ್ತಿದ್ದಾರೆ. ಸಂಶೋಧನೆಯ ಕಡತದಲ್ಲಿ ಸಾಬರ ಹೆಸರಿನ ಮುಂದೆ ಇಂದಿಗೂ ‘ಖಚಿತವಿಲ್ಲ’ ಎಂದೇ ಇದೆ, ತಮ್ಮಿಂದ ಒಂದು ಸಾಲು ಬಂದರೆ ಸಾಕು ಎಂದು ಅವರು ನನಗೆ ಮೂರು ಪತ್ರ ಬರೆದರು. ನಾನು ಉತ್ತರಿಸಿರಲಿಲ್ಲ. ಆಲ್ದೂರಿನಿಂದ ಬಂದ ಮರುದಿನ ಬರೆದೆ: “ಪುಡಿ ಹೊಡೆದವರು ಇಬ್ರಾಹಿಂ ಸಾಬರು. ಬಾಬು ಎಂದು ಬರೆದವನು ನಾನು. ಬೇಕಾದಲ್ಲಿಗೆ ಬಂದು ಹೇಳಲು ಸಿದ್ಧನಿದ್ದೇನೆ.” ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ್ದೇನೆ.

ಈ ಬರಹದಲ್ಲಿ ತಪ್ಪು ಕಂಡವರು ದಯಮಾಡಿ ತಿದ್ದಬೇಕು. ಬೇರೆಯವರ ಹೆಸರಿನಲ್ಲಿ ಯಂತ್ರ ಹೊತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಅವರು ತಿದ್ದಲಿ.