ಗೋಡೆಯಿಲ್ಲದ ಪಾಠ

ಹಾಡುವಾಗ ನಮ್ಮ ಸಂಗೀತದ ಟೀಚರ ಕತ್ತಿನ ಎಡಗಡೆ ಒಂದು ನೀಲಿ ನರ ಉಬ್ಬುತ್ತಿತ್ತು, ಕಿರುಬೆರಳಿನ ದಪ್ಪ. ಪಾಠಕ್ಕೆ ಸೇರಿದ ಹೊಸದರಲ್ಲಿ ನಾನು ಸ್ವರ ಬಿಟ್ಟು ಅದನ್ನೇ ನೋಡುತ್ತಿದ್ದೆ. ಅವರೋ ನಮ್ಮ ಕತ್ತುಗಳನ್ನು ನೋಡುತ್ತಿದ್ದರು. ಯಾರಾದರೂ ನೆಲ ನೋಡುತ್ತ ಹಾಡಿದರೆ ಗದ್ದ ಹಿಡಿದು ಮುಖ ಎತ್ತುತ್ತಿದ್ದರು. ಶಿಸ್ತಿನ ಹೆಂಗಸು ಎಂದುಕೊಂಡಿದ್ದೆವು.

ಯಶವಂತಪುರದಲ್ಲಿ, ರೈಲು ಹಳಿಯ ಈಚೆಗಿದ್ದ ವಠಾರದ ಕೊನೆಯ ಮನೆ ಅವರದು. ಒಬ್ಬರೇ ಇದ್ದರು. ಊಟ, ಬಾಡಿಗೆ ಎಲ್ಲ ಪಾಠದಿಂದಲೇ ನಡೆಯಬೇಕು. ಗೀತೆಗಳನ್ನು ಮುಗಿಸಿದ ಹುಡುಗಿಗೆ ಅವರು ತಕ್ಷಣ ವರ್ಣ ಶುರುಮಾಡುತ್ತಿರಲಿಲ್ಲ. ಮೊದಲು ಅವಳನ್ನು ಯಲಹಂಕ ಕೆರೆಯ ನಡುಗಡ್ಡೆಗೆ ಕರೆದೊಯ್ದು, ಶ್ರುತಿಯಿಲ್ಲದೆ ಹಾಡಿಸುತ್ತಿದ್ದರು. ಅದು ಸರಿಹೋದರೆ ಮಾತ್ರ ಮುಂದಿನ ಪಾಠ.

"ಗೋಡೆ ಸುಳ್ಳು ಹೇಳತ್ತೆ ಕಣೇ," ಎನ್ನುತ್ತಿದ್ದರು. "ಕೆಟ್ಟ ಸ್ವರಾನೂ ಚಂದ ಮಾಡಿ ವಾಪಸ್ ಕೊಡತ್ತೆ. ಬಯಲಲ್ಲಿ ಹಂಗಲ್ಲ. ಹೋಗಿದ್ದು ಹೋಯ್ತು."

ನನ್ನ ಸರದಿ ಬಂದದ್ದು ಅರವತ್ತರ ದಶಕದ ಮೊದಲಲ್ಲಿ, ನಾನು ಹೈಸ್ಕೂಲು ಮುಗಿಸಿದ ವರ್ಷ. ಬೆಳಗಿನ ಪ್ಯಾಸೆಂಜರಿನಲ್ಲಿ ಯಲಹಂಕಕ್ಕೆ ಹೋಗಿ, ರಾಗಿ ಹೊಲಗಳ ಬದುವಿನ ಮೇಲೆ ನಡೆದು ಕೆರೆ ಸೇರಿದೆವು. ಹೊಲದಲ್ಲಿ ತೆನೆ ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಅದು ಬೇಸಿಗೆ ರಜೆಯೆಂದೂ ಅದೇ ನೆನಪು ಹೇಳುತ್ತದೆ. ಎರಡೂ ಒಟ್ಟಿಗೆ ನಿಜವಾಗಿರಲಾರದು. ಯಾವುದನ್ನು ಬಿಡಬೇಕೋ ತಿಳಿಯದೆ ಎರಡನ್ನೂ ಇಟ್ಟುಕೊಂಡಿದ್ದೇನೆ.

ಹರಿಗೋಲು ಹಾಕಿದ ಮೀನುಗಾರ ಅವರಿಗೆ ಹಳೆಯ ಪರಿಚಯ. ನಾನು ಭಯಕ್ಕೆ ಅತ್ತಿತ್ತ ಹೊರಳುತ್ತ ಗುನುಗುತ್ತಿದ್ದೆ. "ಅಂಗೆ ಅಲ್ಲಾಡ್ಬೇಡ ಕಣವ್ವ," ಎಂದ. "ಮುಳುಗಿದ್ರೆ ಮೀನ್‌ಗೋಳ್ಗೆ ಪಾಠ ಏಳ್ಕೊಡ್ಬೇಕಾಯ್ತದೆ." ನಾನು ನಕ್ಕೆ. ಅವನಿಗೆ ಬೆನ್ನು ಹಾಕಿ ಕೂತಿದ್ದ ಟೀಚರು ನಗಲಿಲ್ಲ.

ನಡುಗಡ್ಡೆಯಲ್ಲಿ ಮನೆಯಿಲ್ಲ, ಮನುಷ್ಯರಿಲ್ಲ. ಜಾಲಿ ಮರಗಳು, ಮೊಣಕಾಲೆತ್ತರದ ಹುಲ್ಲು, ಮರದ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಮರಿಗಳ ಕಿರುಚಾಟಕ್ಕೆ ಕಿವಿ ಕಿತ್ತುಹೋಗುವಂತಿತ್ತು. ಟೀಚರು ನೀರಿನ ಅಂಚಿನಲ್ಲಿ ಸೆರಗು ಹಾಸಿ ಕೂತು, ಕಣ್ಣು ಮುಚ್ಚಿ ಅಂದರು, "ಎಷ್ಟು ನಿಶ್ಶಬ್ದ ಅಲ್ವೇನೇ?"

ತಮಾಷೆ ಎಂದುಕೊಂಡೆ.

ಹಾಡಿದೆ. ಮೇಲಿನ ಷಡ್ಜದಲ್ಲಿ ದನಿ ಇಳಿಯಿತು, ನನಗೇ ಗೊತ್ತಾಯಿತು. ಅವರು ತಲೆದೂಗಿದರು.

ಅಷ್ಟರಲ್ಲಿ ಆಚೆ ದಡದಿಂದ ಈಜಿ ಬಂದಿದ್ದ ಎಮ್ಮೆಗಳು ಅವರ ಬೆನ್ನ ಹಿಂದೆಯೇ ನೀರಿನಿಂದ ಎದ್ದವು. "ಅಮ್ಮೋ, ಎಮ್ಮೆ ಬತ್ತಾವೆ, ಇಂಗ್ ಬನ್ನಿ," ಎಂದು ಮೀನುಗಾರ ಅರಚಿದ. ಮತ್ತೆ ಅರಚಿದ. ಅವರು ನನ್ನನ್ನು ನೋಡಿ ನಗುತ್ತಲೇ ಕೂತಿದ್ದರು. ಓಡಿಹೋಗಿ ಕೈ ಹಿಡಿದು ಎಳೆದೆ. ಅವರು ಕೂತಿದ್ದ ಜಾಗವನ್ನು ಒದ್ದೆ ಮೈಗಳು ತುಳಿದುಕೊಂಡು ಹೋದವು.

ಅವರು ನನ್ನ ಮುಖವನ್ನೇ ನೋಡಿದರು.

"ಗೊತ್ತಾಯ್ತಾ?"

ತಲೆಯಾಡಿಸಿದೆ.

"ಮುಖ ನೋಡಿದ್ರೆ ಮಾತು ತಿಳಿಯತ್ತೆ. ಸ್ವರ ತಿಳಿಯಲ್ಲ. ಕತ್ತು ನೋಡಿ ಅಂದಾಜು ಮಾಡ್ತೀನಿ." ಸೆರಗಿನ ಕೆಸರನ್ನು ಹಿಂಡುತ್ತ ಹೇಳಿದರು, "ಹೇಳ್ಬೇಡ ಅಂತ ನಿನ್ನ ಕೇಳಲ್ಲ. ಹೇಳಿದ್ರೆ ಯಾರೂ ಮಕ್ಕಳನ್ನ ಕಳಿಸಲ್ಲ, ಅಷ್ಟೇ."

ನಾನು ಸೆರಗಿನ ಇನ್ನೊಂದು ತುದಿ ಹಿಡಿದು ಹಿಂಡಿದೆ. ಅವರು ಕೇಳಿದರು, "ಈಗ ಹಾಡಿದ್ಯಲ್ಲ, ಹೇಗಿತ್ತು?"

"ಜಾರಿತು ಟೀಚರ್."

"ಎಲ್ಲಿ?"

"ಮೇಲಿನ ಷಡ್ಜ."

"ಹಾಗಾದ್ರೆ ಮತ್ತೆ ಹಾಡು. ಸರಿಯಾದಾಗ ನೀನೇ ಹೇಳು, ಊಟ ಬಿಚ್ಚೋಣ."

ಮುತ್ತುಗದ ಎಲೆಯಲ್ಲಿ ಕಟ್ಟಿದ್ದ ಚಿತ್ರಾನ್ನ ಪಕ್ಕದಲ್ಲೇ ಇತ್ತು. ಹಸಿವು ಕಾಡುತ್ತಿತ್ತು. ಸುಳ್ಳು ಹೇಳಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಜಾಲಿಯ ನೆರಳು ನಮ್ಮನ್ನು ದಾಟಿ ಹೋಗುವವರೆಗೆ ಹಾಡಿದೆ. ಆಮೇಲೆ "ಸರಿಹೋಯ್ತು" ಎಂದೆ. ಅವರು ಮತ್ತೇನೂ ಕೇಳದೆ ಎಲೆ ಬಿಚ್ಚಿದರು. ಮುಂದಿನ ವಾರ ವರ್ಣ ಶುರುವಾಯಿತು.

ಆ ದಿನ ನನ್ನ ನೆನಪಿನಲ್ಲಿ ತೀರಾ ಅಚ್ಚುಕಟ್ಟಾಗಿದೆ, ಅದಕ್ಕೇ ಅನುಮಾನ. ಮರಿಗಳ ಗದ್ದಲವನ್ನು ನಾನು ಆಮೇಲೆ ತುಂಬಿಕೊಂಡೆನೋ ಏನೋ. ಎಮ್ಮೆಗಳ ಬಗ್ಗೆ ಮಾತ್ರ ಅನುಮಾನವಿಲ್ಲ. ಅವರ ಕೈ ಎಳೆದಾಗ ಒಂದು ಬಳೆ ಒಡೆದು ನನ್ನ ಅಂಗೈ ಗೀರಿತ್ತು. ಆ ಗೆರೆ ಈಗಲೂ ಇದೆ.

ಅಂದಿನಿಂದ ಪಾಠದಲ್ಲಿ ನಾನು ಅವರ ಪಕ್ಕ ಕೂರತೊಡಗಿದೆ. ಅವರು ಕರೆಯಲಿಲ್ಲ, ಬೇಡವೆನ್ನಲೂ ಇಲ್ಲ. ಯಾರದಾದರೂ ಸ್ವರ ಜಾರಿದರೆ ಚಾಪೆಯ ಮೇಲೆ, ಅವರ ಮಂಡಿಗೆ ತಾಗುವಂತೆ, ಮೆಲ್ಲಗೆ ಬೆರಳು ತಟ್ಟುತ್ತಿದ್ದೆ. "ಏನೇ ಅದು, ಸ್ವರಾನ ಸಂತೇಲಿ ಬಿಟ್ಟು ಬಂದ್ಯಾ?" ಎಂದು ಅವರು ಆ ಹುಡುಗಿಯನ್ನು ಗದರುತ್ತಿದ್ದರು. ನನ್ನ ಕಿವಿ ತಪ್ಪಿದ ದಿನಗಳೂ ಇದ್ದಿರಬೇಕು. ಆಗೆಲ್ಲ ಯಾವುದೋ ಬಡಪಾಯಿ ಸುಮ್ಮನೆ ಬೈಸಿಕೊಂಡಿರುತ್ತಾಳೆ.

ಆ ದಶಕ ಮುಗಿಯುವ ಮೊದಲೇ ಅವರು ಜ್ವರದಲ್ಲಿ ಹೋದರು. ವಠಾರದ ಅಂಗಳದಲ್ಲಿ ಹಳೆಯ ಶಿಷ್ಯೆಯರೆಲ್ಲ ನಿಂತಿದ್ದೆವು. ಬಹಳ ಬೈಸಿಕೊಂಡಿದ್ದವಳೊಬ್ಬಳು ಮೂಗು ಒರೆಸುತ್ತ ಅಂದಳು, "ಕೊನೇವರೆಗೂ ಎಂಥ ಕಿವಿ ಕಣೇ ಅವರದು. ಒಂದು ಸ್ವರ ಆಚೀಚೆ ಆದ್ರೂ ಬಿಡ್ತಿರ್ಲಿಲ್ಲ."

"ಹೌದು," ಎಂದೆ. "ಅವರಿಗೆ ಎಲ್ಲಾ ಗೊತ್ತಾಗ್ತಿತ್ತು."