ಕೊಪ್ಪರಿಗೆ ಒಲೆಯ ಬಾಣಂತಿ

ಗುಂಡ್ಲುಪೇಟೆಯ ನಿವೃತ್ತ ಶೇಕ್ದಾರ್ ಗುರುಪಾದಸ್ವಾಮಿಯವರು ಮೂರು ವರ್ಷ ಕಾಲ ಪುಟ್ಟಸಿದ್ದಮ್ಮನನ್ನು ಬೆಕ್ಕು ಕೊಲ್ಲುವವಳೆಂದೇ ತಿಳಿದಿದ್ದರು. ಶೇಕ್ದಾರರು ಯಾವುದನ್ನೂ ಸುಮ್ಮನೆ ತಿಳಿಯುವವರಲ್ಲ. ಸ್ಥಳ ತನಿಖೆಯಾಗಬೇಕು, ಸಾಕ್ಷಿ ಬೇಕು. ಇಲ್ಲಿ ಎರಡೂ ಇದ್ದವು. ಸಾಕ್ಷಿ ಖುದ್ದು ಅವರೇ. ಒಂದು ಸಂಜೆ ಅವರು ಕೆರೆ ಏರಿಯ ಮೇಲೆ ಗಾಳಿಗೆ ಹೊರಟಿದ್ದಾಗ ಆ ಹೆಂಗಸು ಸೊಂಟದ ಮೇಲೆ ಕುಕ್ಕೆ ಇಟ್ಟುಕೊಂಡು ಎದುರಾದಳು. ಕುಕ್ಕೆಯೊಳಗೆ ಮರಿಗಳ ಕೀರಲು ದನಿ. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿದಳು. ಕುಕ್ಕೆ ಬರಿದಾಗಿತ್ತು. ನಡುವೆ ಇದ್ದದ್ದು ಕೆರೆ. ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದವರಿಗೆ ಇನ್ನೇನು ಬೇಕು?

ಮರುದಿನವೇ ಮೈಸೂರಿನ ಪತ್ರಿಕೆಯೊಂದಕ್ಕೆ ‘ಮೂಕಪ್ರಾಣಿಗಳೂ ನಮ್ಮ ನಾಗರಿಕತೆಯೂ’ ಎಂದು ಏಳು ಹಾಳೆಯ ಪತ್ರ ಬರೆದರು. ಪತ್ರಿಕೆಯವರು ಅದನ್ನು ಮೂರು ಸಾಲಿಗೆ ಇಳಿಸಿ, ಕಳೆದುಹೋದ ಎಮ್ಮೆಯೊಂದರ ಪ್ರಕಟಣೆಯ ಕೆಳಗೆ ಅಚ್ಚುಹಾಕಿದರು. ಗುರುಪಾದಸ್ವಾಮಿಯವರು ಆ ಮೂರು ಸಾಲನ್ನು ಕತ್ತರಿಸಿ ಪಿಂಚಣಿ ಕಾಗದಗಳ ನಡುವೆ ಜೋಪಾನವಾಗಿಟ್ಟರು.

ಹಾಗಿದ್ದರೂ ಅರಿಸಿನ ಬೇಯಿಸುವ ಕಾಲ ಬಂದರೆ ಪುಟ್ಟಸಿದ್ದಮ್ಮನಿಗೇ ಹೇಳಿಕಳಿಸುತ್ತಿದ್ದರು. ಧರ್ಮದ ಮಾತು ಬೇರೆ, ಅರಿಸಿನದ ಮಾತು ಬೇರೆ. ಹಂಗಳದ ಆ ಹೆಂಗಸಿನಷ್ಟು ಹದ ಬಲ್ಲವರು ಸುತ್ತಲ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಕಿತ್ತ ಗಡ್ಡೆಯನ್ನು ಕೊಪ್ಪರಿಗೆಗೆ ಸುರಿದು ನೀರು ಕುದಿಸಿದರೆ ಅರಿಸಿನವಾಗಿಬಿಡುವುದಿಲ್ಲ. ಕಡಿಮೆ ಬೆಂದರೆ ಹುಳ ಹಿಡಿಯುತ್ತದೆ, ಹೆಚ್ಚು ಬೆಂದರೆ ಬಣ್ಣ ಸಾಯುತ್ತದೆ. ಪುಟ್ಟಸಿದ್ದಮ್ಮ ನೊರೆ ನೋಡುವಳು, ಹೊಗೆ ಮೂಸುವಳು, ಆಮೇಲೆ ಕುದಿಯುವ ನೀರಿನ ಅಂಚಿಗೆ ಬಲಗೈ ಹಾಕಿ ಒಂದು ಕೊಂಬು ಎಗರಿಸಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತುವಳು. ‘ಸಾಕು, ಬೆಂಕಿ ಎಳೀರಿ’ ಎಂದರೆ ಸಾಕು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಆ ಎರಡು ಬೆರಳಿನಿಂದಲೇ ಅವಳು ಅನ್ನ ಉಂಡಿದ್ದಳು. ಉಗುರಿನಿಂದ ಮೊಣಕೈವರೆಗೆ ಹಳದಿ. ಮದುವೆಯ ಹೆಣ್ಣಿಗೂ ಅಷ್ಟು ಅರಿಸಿನ ಹತ್ತುವುದಿಲ್ಲ.

ಸಾವಿರದ ಒಂಬೈನೂರ ಐವತ್ತೈದರಲ್ಲಿ, ಶಿವರಾತ್ರಿ ಕಳೆದ ವಾರ, ಶೇಕ್ದಾರರ ಕಣದಲ್ಲಿ ಕೊಪ್ಪರಿಗೆ ಏರಿತು. ಅದು ಹತ್ತಾರು ಮನೆಗೆ ಸೇರಿದ ಒಂದೇ ಕೊಪ್ಪರಿಗೆ, ಸರದಿಯ ಮೇಲೆ ತಿರುಗುವಂಥದು. ಮೊದಲ ದಿನ ಅರ್ಧ ರಾಶಿ ಬೆಂದಿತು. ಎರಡನೆಯ ದಿನ ಮಿಕ್ಕರ್ಧ ಬೇಯಿಸಿ, ಮೂರನೆಯ ದಿನ ಬೆಳಗ್ಗೆ ಕೊಪ್ಪರಿಗೆಯನ್ನು ಗಾಡಿಗೆ ಹೇರಿ ಹಂಗಳದ ಶಂಭುಲಿಂಗಪ್ಪನವರ ಮನೆಗೆ ಕಳಿಸಬೇಕು. ತಪ್ಪಿದರೆ ಅದು ಮತ್ತೆ ಬರುವುದು ಹದಿನೈದು ದಿನಕ್ಕೆ. ಅಷ್ಟರಲ್ಲಿ ಕಿತ್ತ ಗಡ್ಡೆ ರಾಶಿಯಲ್ಲೇ ಕಾವು ಹಿಡಿದು ಕೆಡುತ್ತದೆ.

ಎರಡನೆಯ ದಿನ ಬೆಳಗ್ಗೆ ಗುರುಪಾದಸ್ವಾಮಿಯವರು ಪೂಜೆ ಮುಗಿಸಿ ಕಣಕ್ಕೆ ಬಂದರೆ ಒಲೆ ಹೊತ್ತಿರಲಿಲ್ಲ. ಪುಟ್ಟಸಿದ್ದಮ್ಮ ತೊಗರಿ ಕಡ್ಡಿಯ ಹೊರೆ ಪಕ್ಕಕ್ಕಿಟ್ಟು ಒಲೆಯ ಬಾಯಿಗೆ ಬಗ್ಗಿ ಕೂತಿದ್ದಳು.

‘ಏನು ಸಿದ್ದಮ್ಮ, ಬೆಂಕಿ ಯಾಕೆ ಹಾಕಿಲ್ಲ?’

‘ಒಳಗೆ ಬಾಣಂತಿ ಅವ್ಳೆ ಬುದ್ದಿ.’

ಶೇಕ್ದಾರರು ಬಗ್ಗಿದರು. ನೆಲ ತೋಡಿ ಮಾಡಿದ ಉದ್ದನೆಯ ಒಲೆ. ಕೊನೆಯಲ್ಲಿ, ಬೆಚ್ಚನೆ ಬೂದಿಯ ಮೇಲೆ ಬಿದ್ದ ಹರಕು ಗೋಣಿಯಲ್ಲಿ, ಊರಿನ ಯಾರದೂ ಅಲ್ಲದ ಬೂದು ಬೆಕ್ಕೊಂದು ಮಲಗಿತ್ತು. ಎಂದೋ ಗಾಡಿ ಚಕ್ರಕ್ಕೆ ಸಿಕ್ಕಿ ಜೋತಾಡುತ್ತಿದ್ದ ಹಿಂಗಾಲು. ಹೊಟ್ಟೆಗೆ ಅಂಟಿದ ನಾಲ್ಕು ಮರಿ, ಇನ್ನೂ ಒದ್ದೆ.

‘ತೆಗೆದು ಆಚೆ ಹಾಕು.’

‘ನನ್ನ ಕೈಯೆಲ್ಲ ಅರಿಸಿನ, ನಿಮ್ಮ ಕೈಯೆಲ್ಲ ಇಬೂತಿ. ಬೆಕ್ಕಿಗೆ ಮರಿ ಗುರುತು ವಾಸ್ನೆಲಿ. ಇವತ್ತೊಂದಿನ ಬುಡಿ ಬುದ್ದಿ. ನಾಳೀಕೆ ಮರಿ ಒಣಗಿ ಗಟ್ಟಿಯಾಯ್ತವೆ, ಗೋಣಿ ಸಮೇತ ಎತ್ತಿಡನ.’

‘ನಾಳೆ ಕೊಪ್ಪರಿಗೆ ಹಂಗಳಕ್ಕೆ ಹೋಗಬೇಕಲ್ಲ?’

‘ಅದ್ಕೇ ಹಂಗಳಕ್ಕೋಗಿ ಶಂಭುಲಿಂಗಪ್ಪೋರ ಒಂದಿನ ಕೇಳ್ಕೊಂಡ್ ಬತ್ತೀನಿ. ನಾನು ಬರಗಂಟ ಯಾರೂ ಮುಟ್ಬ್ಯಾಡಿ.’

ಸೆರಗು ತಲೆಗೆ ಎಳೆದುಕೊಂಡು ಹೊರಟೇಬಿಟ್ಟಳು. ಐದು ಮೈಲಿ ಹೋಗಬೇಕು, ಐದು ಮೈಲಿ ಬರಬೇಕು.

ಗುರುಪಾದಸ್ವಾಮಿಯವರು ಮೊದಲು ಹೆಮ್ಮೆಪಟ್ಟರು. ತಮ್ಮ ಕಣದಲ್ಲಿ ಒಂದು ಜೀವ ಆಶ್ರಯ ಪಡೆದಿದೆ. ಗಂಗಾಧರಸ್ವಾಮಿಯ ಹೋಟೆಲಿನಲ್ಲಿ ಹೇಳಬಹುದಾದ ಸಂಗತಿ. ಹೇಳಿಯೂ ಬಂದರು. ಹಿಂದಿರುಗಿದಾಗ ಒಲೆಯ ಪಕ್ಕದಲ್ಲಿ ಅವಳು ಬಿಟ್ಟುಹೋದ ಕುಕ್ಕೆ ಕಣ್ಣಿಗೆ ಬಿತ್ತು. ಅದೇ ಕುಕ್ಕೆ. ಕೆರೆ ಏರಿಯ ಕುಕ್ಕೆ. ಎಲ್ಲ ಹೊಳೆದುಹೋಯಿತು. ಹಂಗಳವೆಂಬುದು ಬರೀ ನೆಪ. ಸಂಜೆ ಬರುತ್ತಾಳೆ, ಕುಕ್ಕೆಗೆ ತುಂಬುತ್ತಾಳೆ, ಏರಿ ಹತ್ತುತ್ತಾಳೆ. ಪತ್ರಿಕೆಯಲ್ಲಿ ಮೂರು ಸಾಲು ಬರೆದ ಮನುಷ್ಯನ ಮನೆಯಿಂದಲೇ!

ಅವರ ಮನೆಯಾಕೆ ಗುರುಮಲ್ಲಮ್ಮ ಮಗಳ ಬಾಣಂತನಕ್ಕೆಂದು ಚಾಮರಾಜನಗರದಲ್ಲಿದ್ದರು. ಇದ್ದಿದ್ದರೆ ಗಂಡನನ್ನು ಒಂದು ಮಾತಿನಲ್ಲಿ ಕೂರಿಸುತ್ತಿದ್ದರು. ಆದರೆ ಶೇಕ್ದಾರರು ಹೋದ ವಾರವಷ್ಟೇ ಅಲ್ಲಿಗೆ ಹೋಗಿ ಮೊಮ್ಮಗನಿಗೆ ನೀರೆರೆಯುವ ಶಾಸ್ತ್ರವನ್ನೆಲ್ಲ ಕುರ್ಚಿಯ ಮೇಲೆ ಕೂತು ನೋಡಿ ಬಂದಿದ್ದರು. ನೋಡಿದರೆ ಮಾಡಲು ಬಂದಂತೆಯೇ ಎಂಬುದು ಅವರ ಇಲಾಖೆಯ ರೂಢಿ. ಗಂಧದ ಸಾಬೂನಿನಲ್ಲಿ ಎರಡು ಸಲ ಕೈ ತೊಳೆದು, ಬೆಕ್ಕು ಆಹಾರಕ್ಕೆಂದು ಆಚೆ ಕುಂಟಿದ ಹೊತ್ತು ನೋಡಿ ನಾಲ್ಕು ಮರಿಗಳನ್ನೂ ಎತ್ತಿ ತಮ್ಮ ಕಾಗದಪತ್ರದ ಕೋಣೆಗೆ ತಂದರು. ಬಿಸಿನೀರಿನಲ್ಲಿ ಮೀಯಿಸಿದರು. ಹಳೆಯ ಪಂಚೆಯಲ್ಲಿ ಒರೆಸಿದರು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಕೊಟ್ಟರು. ಕೊನೆಗೆ ಹಣೆಯ ಮೇಲೆ, ಹಣೆ ಎಂದು ಹೇಳಬಹುದಾದ ಜಾಗದಲ್ಲಿ, ವಿಭೂತಿ ಇಟ್ಟರು. ನಾಲ್ಕನ್ನೂ ಮೇಜಿನ ಖಾನೆಯಲ್ಲಿ ಮಲಗಿಸಿ ಆಳು ಕೆಂಪಯ್ಯನಿಗೆ ಅಪ್ಪಣೆ ಕೊಟ್ಟರು: ‘ಒಲೆ ಖಾಲಿ ಆಯ್ತು. ಬೆಂಕಿ ಹಾಕಲಾ.’

ಕೆಂಪಯ್ಯ ಬೆಂಕಿ ಹಾಕಿ ನೀರು ಸೇದಲು ಬಾವಿಗೆ ಹೋದ. ಬೆಕ್ಕು ಹಿಂದಿರುಗಿತು. ಒಲೆಯ ಬಾಯಿಯವರೆಗೆ ಹೋಗುವುದು, ಕಾವಿಗೆ ಹಿಂದೆ ಸರಿಯುವುದು, ಕೂಗುವುದು, ಮತ್ತೆ ಹೋಗುವುದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪುಟ್ಟಸಿದ್ದಮ್ಮ ಬಂದಳು. ಶಂಭುಲಿಂಗಪ್ಪನವರು ಒಂದಲ್ಲ, ಎರಡು ದಿನ ಒಪ್ಪಿದ್ದರು. ಅದನ್ನು ಹೇಳಲು ಬಾಯಿ ತೆರೆಯುವ ಮುಂಚೆ ಉರಿಯುವ ಒಲೆ ಕಂಡಳು, ಅದರ ಮುಂದೆ ಕೂಗುವ ಬೆಕ್ಕನ್ನು ಕಂಡಳು. ಸುತ್ತ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ. ನೆಲಕ್ಕೆ ಮಲಗಿ ಉರಿಯುವ ಕಡ್ಡಿಗಳನ್ನು ಕೈಯಿಂದಲೇ ಎಳೆದು ಹಾಕಿದಳು. ಬಲಗೈಯನ್ನು ಹೋಗುವಷ್ಟೂ ಒಳಗೆ ಹಾಕಿ ಗೋಣಿ ಇದ್ದ ಜಾಗವನ್ನು ಬಾಚಿದಳು. ಸಿಕ್ಕಿದ್ದು ಕೆಂಡ.

ಕೆಂಪಯ್ಯ ಕೊಡ ಬಿಸಾಕಿ ಓಡಿಬಂದ. ‘ಮರಿ ಒಳಗಿಲ್ಲ ಕಣಕ್ಕಾ, ಬುದ್ಯೋರು ತಕ್ಕೊಂಡೋದ್ರು!’

ಅವಳು ಎದ್ದಳು. ಬಲಗೈಯನ್ನು ಬೇರೆ ಯಾರದೋ ವಸ್ತುವಿನಂತೆ ದೂರ ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಬಂದು ಹೊಸ್ತಿಲಾಚೆ ನಿಂತಳು. ಶೇಕ್ದಾರರು ಸಡಗರದಿಂದ ಖಾನೆ ಎಳೆದು ತೋರಿಸಿದರು. ಸಾಂಬ್ರಾಣಿಯ ಘಮ ಹರಡಿತು. ಎರಡು ಮರಿ ತಣ್ಣಗಾಗಿದ್ದವು.

‘ಏನ್ ಬುದ್ದಿ ಇದು?’

‘ಬಾಣಂತನ,’ ಎಂದರು ಗುರುಪಾದಸ್ವಾಮಿಯವರು. ಆಗ ಅವಳ ಕೈ ಕಾಣಿಸಿತು.

‘ಕೂಸ್ಗೆ ಮಾಡೋದ ಮರಿಗ್ ಮಾಡುದ್ರಾ? ಅದ್ರವ್ವ ನೆಕ್ಕೋದೇ ಅದ್ಕೆ ನೀರು.’

ಕೆಂಪಯ್ಯ ಲೋಳೆಸರ ಸೀಳಿ ಕೈಗೆ ಕಟ್ಟಿದ. ಅವಳು ಎಡಗೈಯಲ್ಲೇ ಬದುಕಿದ ಎರಡು ಮರಿಗಳನ್ನು ತಾಯಿಯ ಬಳಿಗೆ ಒಯ್ದಳು. ಬೆಕ್ಕು ಮೂಸಿ ಮುಖ ತಿರುಗಿಸಿತು. ಅವಳು ಚಿಂದಿಯೊಂದನ್ನು ಬೆಕ್ಕಿನ ಹೊಟ್ಟೆಗೆ ಒರೆಸಿ, ಅದೇ ಚಿಂದಿಯನ್ನು ಮರಿಗಳಿಗೆ ಒರೆಸಿದಳು. ಮತ್ತೆ ಒರೆಸಿದಳು. ಹೊತ್ತು ಮುಳುಗುವವರೆಗೆ ಅದನ್ನೇ ಮಾಡಿದಳು. ಕೊನೆಗೆ ಬೆಕ್ಕು ಒಂದು ಮರಿಯನ್ನು ನೆಕ್ಕಲು ಹತ್ತಿತು, ವಿಭೂತಿಯಿಂದಲೇ ಶುರುಮಾಡಿ. ಇನ್ನೊಂದನ್ನು ಮುಟ್ಟಲಿಲ್ಲ. ಅದು ಬೆಳಗಾಗುವಷ್ಟರಲ್ಲಿ ಹೋಗಿತ್ತು.

ಮಿಕ್ಕ ಅರಿಸಿನ ಮರುದಿನ ಬೆಂದಿತು. ಹದ ನೋಡುವ ಬೆರಳು ಕಟ್ಟಿನೊಳಗಿದ್ದವು. ಅವಳು ಮೂಗಿನಲ್ಲೇ ಅಂದಾಜು ಹೇಳಿದಳು. ಹದ ಮೀರಿ ಬಣ್ಣ ಕಂದಿತು. ಶೇಕ್ದಾರರ ಜೀವಮಾನದಲ್ಲಿ ವರದಿಯಿಲ್ಲದೆ ಮುಗಿದ ಮೊದಲ ನಷ್ಟ ಅದು.

ಆಮೇಲಿನದು ಏಳು ಮನೆಯ ಕತೆ. ಹೆತ್ತ ಬೆಕ್ಕು ಮರಿಯನ್ನು ಕಚ್ಚಿಕೊಂಡು ಏಳು ಮನೆ ತಿರುಗಬೇಕು, ತಿರುಗಿದರೇ ಮರಿ ಉಳಿಯುತ್ತದೆ ಎಂದು ಆ ಕಡೆಯ ಹೆಂಗಸರು ನಂಬುತ್ತಾರೆ. ಈ ಬೆಕ್ಕಿಗೆ ಕಾಲಿಲ್ಲ. ಮರಿ ಎತ್ತಿದರೆ ಮೂರು ಹೆಜ್ಜೆಗೆ ಮುಗ್ಗರಿಸುತ್ತಿತ್ತು. ಇಂಥವಕ್ಕೆ ಪುಟ್ಟಸಿದ್ದಮ್ಮನ ಕುಕ್ಕೆಯೇ ಕಾಲು.

‘ಒಲೆ ಒಂದು, ನಿಮ್ಮ ಕೋಣೆ ಎರಡು,’ ಎಂದು ಅವಳು ಎಣಿಸಿದಳು. ಕೋಣೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡದ್ದು ಅವಳ ದೊಡ್ಡತನ. ‘ಇನ್ನೈದವೆ. ಕುಕ್ಕೆ ಒಂದ್ ಕೈಲಿ ಹಿಡ್ದು, ಮುಚ್ಚಳ ಒಂದ್ ಕೈಲಿ ಒತ್ಬೇಕು. ನನ್ಗೀಗ ಇರೋದು ಒಂದೇ.’

ಅವಳು ಕೇಳಲಿಲ್ಲ, ಹೇಳಿದಳು ಅಷ್ಟೆ. ಗುರುಪಾದಸ್ವಾಮಿಯವರು ಕೋಟು ತೊಟ್ಟು ರುಮಾಲು ಸುತ್ತಿ ಕುಕ್ಕೆ ಎತ್ತಿಕೊಂಡರು. ಪೇಟೆ ಬೀದಿಯಲ್ಲಿ ಅರಿಸಿನ ಬೇಯಿಸುವವಳು ಮುಂದೆ, ನಿವೃತ್ತ ಶೇಕ್ದಾರರು ಹಿಂದೆ. ಗಂಗಾಧರಸ್ವಾಮಿ ಹೋಟೆಲಿನ ಬಾಗಿಲಿಗೇ ಬಂದು ನಿಂತ.

‘ಏನು ಶೇಕ್ದಾರ್ರೇ, ಕುಕ್ಕೆಯೊಳಗೆ ಸರ್ಕಾರದ ಕಾಗದವೋ?’

ಸಾಮಾನ್ಯವಾಗಿ ಒಂದಕ್ಕೆ ಹತ್ತು ಹೇಳುವವರು ಅಂದು ಕುಕ್ಕೆಯ ಮುಚ್ಚಳ ಸರಿಮಾಡಿಕೊಂಡು ಮುಂದೆ ನಡೆದರು.

ಮೂರನೆಯ ಮನೆ ಗಾಡಿ ಕೊಟ್ಟಿಗೆಯಾಯಿತು. ನಾಲ್ಕನೆಯದಕ್ಕೆ ಕೆರೆ ಏರಿ ಹತ್ತಬೇಕಾಯಿತು. ನಡುದಾರಿಯಲ್ಲಿ ಅವರು ವಿಚಾರಣೆಯ ದನಿ ತೆಗೆದು ಕೇಳಿದರು: ‘ಮೂರು ವರ್ಷದ ಕೆಳಗೆ ಒಂದು ಸಂಜೆ ಈ ಕಡೆ ಬಂದಿದ್ದೆಯಾ, ಸಿದ್ದಮ್ಮ?’

‘ಬಂದಿದ್ದೆ. ಏರಿ ಆಚೆ ಮಡಿವಾಳರ ಕೊಟ್ಗೆ ಅದಲ್ಲ, ಅಲ್ಲಿಗೇ. ಆವತ್ತೂ ಕುಂಟು ಬೆಕ್ಕೇ. ನೀವೂ ಎದುರ್ಗೆ ಬಂದ್ರಿ. ಅಡ್ಡಬಿದ್ದೆ ಬುದ್ದಿ ಅಂದೆ. ನೀವು ಕುಕ್ಕೆ ನೋಡ್ತಿದ್ರಿ.’

ಏರಿಯ ಆಚೆ ನಿಜಕ್ಕೂ ಒಂದು ಕೊಟ್ಟಿಗೆ ಇತ್ತು. ಅದೇ ಏರಿಯ ಮೇಲೆ ಅವರು ಹನ್ನೆರಡು ವರ್ಷ ಗಾಳಿ ಸೇವಿಸಿದ್ದರು. ಮನೆಗೆ ಬಂದು ಪಿಂಚಣಿ ಕಾಗದಗಳ ನಡುವಿನ ಆ ಮೂರು ಸಾಲನ್ನು ತೆಗೆದು ಹರಿಯಹೋದರು. ಹರಿಯಲು ಕೈ ಬರಲಿಲ್ಲ, ಅಚ್ಚಾದ ಹೆಸರು. ಮಡಿಚಿ ಇನ್ನೂ ಕೆಳಗೆ ಇಟ್ಟರು.

ಐದನೆಯ ಮನೆ ಬಸ್ಸು ನಿಲ್ಲುವ ಕಡೆಯ ಒಂದು ಸೌದೆ ಗುಡಾರ. ಆರನೆಯದು ಹಂಗಳದಲ್ಲಿ, ಶಂಭುಲಿಂಗಪ್ಪನವರ ಮನೆಯಲ್ಲಿ ಕಾಳು ತುಂಬಿಡುವ ಹಗೇವಿನ ಕೋಣೆ. ಅವರ ಕಣದಲ್ಲೂ ಆಗ ಅರಿಸಿನ ಬೇಯುತ್ತಿತ್ತು. ಸಂತೆಮರಹಳ್ಳಿ ಕಡೆಯಿಂದ ಬೇರೊಬ್ಬ ಹೆಂಗಸನ್ನು ಕರೆಸಿದ್ದರು. ಅವಳು ಕೊಂಬು ಎಗರಿಸಿ ಬೆರಳ ನಡುವೆ ಒತ್ತುವಾಗ ಪುಟ್ಟಸಿದ್ದಮ್ಮ ಹಗೇವಿನ ಕಡೆ ಮುಖಮಾಡಿ ಕೂತಿದ್ದಳು.

‘ಮುಂದಿನ ವರ್ಸಕ್ಕೆ ನೀನೇ ಬಾ ಸಿದ್ದಮ್ಮ, ಕೈ ನೆಟ್ಟಗಾಗ್ಲಿ,’ ಎಂದರು ಶಂಭುಲಿಂಗಪ್ಪನವರು. ಒಳ್ಳೆಯ ಮನುಷ್ಯ.

ಕೈ ನೆಟ್ಟಗಾಗಲಿಲ್ಲ. ಕಟ್ಟು ಬಿಚ್ಚಿದಾಗ ಹೆಬ್ಬೆರಳು ಸೆಟೆದು ನಿಂತಿತ್ತು. ಪಕ್ಕದ ಎರಡು ಬೆರಳು ಅಂಗೈಗೆ ಅಂಟಿಕೊಂಡಿದ್ದವು. ಸುಟ್ಟ ಚರ್ಮ ಸುಲಿದು ಬಂದ ಹೊಸ ಚರ್ಮದಲ್ಲಿ ಹಳದಿಯ ಸುಳಿವೂ ಇರಲಿಲ್ಲ.

ಏಳನೆಯದು ಅವಳ ಸ್ವಂತ ಮನೆ. ಶೇಕ್ದಾರರು ಸೇವೆಯಲ್ಲಿದ್ದಷ್ಟು ಕಾಲವೂ ಆ ಬೀದಿಯ ಬಾಯಿಯಲ್ಲಿ ಸೈಕಲ್ಲು ನಿಲ್ಲಿಸಿಯೇ ಹಿಂದಿರುಗಿದವರು. ಅಂದು ಕುಕ್ಕೆ ಹೊತ್ತು ಒಳಗೆ ಬಂದರು. ಅವಳು ಬಿದಿರ ತಡಿಕೆಯ ಹಿಂದಿನ ಮೂಲೆಯಲ್ಲಿ ಹುಲ್ಲು ಹಾಸಿ ಬೆಕ್ಕನ್ನೂ ಮರಿಯನ್ನೂ ಇಳಿಸಿದಳು. ಅದಾದ ಮೇಲೂ ಅವರು ವಾರಕ್ಕೊಮ್ಮೆ ಬಸ್ಸು ಹತ್ತಿ ಹಂಗಳಕ್ಕೆ ಬರತೊಡಗಿದರು. ಒಂದು ಚೊಂಬು ಹಾಲು, ಅರ್ಧ ಸೇರು ಅಕ್ಕಿ ತರುವರು. ಹಾಲು ಬೆಕ್ಕಿಗೆಂದು ಹೇಳುವರು, ಅಕ್ಕಿ ಯಾರಿಗೆಂದು ಹೇಳರು. ಕ್ಷಮಿಸೆಂಬ ಮಾತು ಪ್ರತಿ ಸಲವೂ ಬಸ್ಸಿನಲ್ಲಿ ಅವರ ಜೊತೆ ಬಂದು, ಅವರ ಜೊತೆಯೇ ವಾಪಸು ಹೋಗುತ್ತಿತ್ತು.

ಮೂರನೆಯ ವಾರವೋ ಏನೋ, ಅವರು ತಡಿಕೆ ಸರಿಸಿ ಒಳಗೆ ಬಗ್ಗಿದರು. ಹುಲ್ಲಿನ ಮೇಲಿದ್ದ ಬೆಕ್ಕು ಅವರನ್ನು ನೋಡಿತು. ಎದ್ದಿತು. ಮರಿಯ ಕತ್ತು ಕಚ್ಚಿಕೊಂಡು, ಮುಗ್ಗರಿಸದೆ, ಮೂರು ಕಾಲಲ್ಲಿ ಹಿತ್ತಿಲ ಕಡೆ ನಡೆದು ಮರೆಯಾಯಿತು.

ಪುಟ್ಟಸಿದ್ದಮ್ಮ ಎಡಗೈಯಲ್ಲಿ ರಾಗಿ ಕೇರುತ್ತಿದ್ದಳು. ಶೇಕ್ದಾರರು ಹಾಲಿನ ಚೊಂಬು ಕೆಳಗಿಟ್ಟು ಕೇಳಿದರು:

‘ಅಲ್ಲ ಸಿದ್ದಮ್ಮ, ಅದರ ಮರಿಗಳಿಗೆ ಬಾಣಂತನ ಮಾಡಿದವನು ನಾನೇ ಅಂತ ಆ ಬೆಕ್ಕಿಗೆ ಗೊತ್ತಿರಬಹುದಾ?’

‘ಗೊತ್ತಿಲ್ದೆ ಏನು ಬುದ್ದಿ,’ ಎಂದಳು ಅವಳು, ಮೊರದಿಂದ ತಲೆ ಎತ್ತದೆ. ‘ಅದ್ಕೇ ಕಚ್ಕೊಂಡ್ ಓಯ್ತು.’