ಇಲ್ಲ ಎನ್ನುವ ಬಟನ್

ಮಣಿಪಾಲದಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನದ ಮೇಲೆ ಸಾಫ್ಟ್‌ವೇರ್ ಕೆಲಸದವರು ಸೇರುವ ಒಂದು ಕೂಟವಿದೆ. ಅದು ಯಾವ ಕಂಪೆನಿಯದ್ದೂ ಅಲ್ಲ, ಹೋಗದಿದ್ದರೆ ಯಾರೂ ಕೇಳುವುದಿಲ್ಲ. ಮೊದಲ ಸಲ ನಾನು ಕಲಿಯುವ ಆಸೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಆ ಶನಿವಾರ ಕಾಪುವಿನ ನಮ್ಮ ಮನೆಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸವಿತ್ತು. ಅದನ್ನು ತಪ್ಪಿಸಿಕೊಳ್ಳಲು ಮರ್ಯಾದೆಯ ಕಾರಣವೊಂದು ಬೇಕಿತ್ತು. ಎರಡನೆಯ ಸಲ ಹೋದದ್ದು ಅಲ್ಲಿ ಚಹಾದ ಜೊತೆ ಕೊಡುವ ಬನ್ಸಿಗಾಗಿ. ಬಾಳೆಹಣ್ಣು ಕಲಸಿ ಕರಿದ ಬಿಸಿ ಬನ್ಸ್ ಇದ್ದರೆ ನಾನು ಯಾವ ಭಾಷಣವನ್ನಾದರೂ ಕೇಳಬಲ್ಲೆ.

ಮೂರನೆಯ ಸಲ ಮಾತಾಡಿದವರು ಮಣಿಪಾಲದ ಕಾಲೇಜೊಂದರಲ್ಲಿ ಡಿಸೈನ್ ಕಲಿಸುವ ಮೇಡಂ. ಡಿಸೈನ್ ಎಂದರೆ ಬಣ್ಣ ಬಳಿಯುವುದು ಎಂದುಕೊಂಡಿದ್ದವನು ನಾನು. ಅವರು ಬಣ್ಣದ ಸುದ್ದಿಯನ್ನೇ ಎತ್ತಲಿಲ್ಲ. ಇನ್ನೊಬ್ಬರ ಕೆಲಸಕ್ಕೆ ಆ್ಯಪ್ ಮಾಡುವ ಮೊದಲು ಆ ಕೆಲಸ ಮಾಡುವವರ ಪಕ್ಕದಲ್ಲಿ ಒಂದು ಇಡೀ ದಿನ ಕೂತಿರಬೇಕು ಎಂದರು. ಮಾಡಿದ ಮೇಲೆ, ಬಳಸುವವರ ಹಿಂದೆ ಕೂತು ನೋಡಬೇಕು, ಆದರೆ ಬಾಯಿ ಬಿಡಬಾರದು. ಹೇಗಿದೆ ಎಂದು ಮಾತ್ರ ಕೇಳಲೇಬಾರದು, ಯಾಕೆಂದರೆ ಈ ಕಡೆಯವರು ಹೇಗಿದ್ದರೂ ಚೆನ್ನಾಗಿದೆ ಎಂದೇ ಹೇಳುವವರು.

ಆಮೇಲೆ ನಮ್ಮಿಂದ ಒಂದು ಅಭ್ಯಾಸ ಮಾಡಿಸಿದರು. ಒಬ್ಬರು ಬಸ್ ಟಿಕೆಟ್ ಆ್ಯಪಿನ ಪರದೆಯನ್ನು ಕಾಗದದ ಮೇಲೆ ಬರೆಯಬೇಕು, ಇನ್ನೊಬ್ಬರು ಅದರ ಮೇಲೆ ಬೆರಳಿಟ್ಟು ಟಿಕೆಟ್ ತೆಗೆಯಬೇಕು, ಬರೆದವರು ಮೂಕರಾಗಿ ನೋಡಬೇಕು. ನನ್ನ ಜೊತೆಗಾರ ತಪ್ಪು ಜಾಗಕ್ಕೆ ಬೆರಳಿಟ್ಟ ಕೂಡಲೇ ನಾನು ಅವನ ಕೈ ಹಿಡಿದು ಸರಿ ಜಾಗಕ್ಕೆ ತಂದೆ. ಮೇಡಂ ಹಿಂದೆಯೇ ನಿಂತಿದ್ದರು. ಆ್ಯಪಿನ ಜೊತೆ ನೀವೂ ಮನೆಮನೆಗೆ ಹೋಗ್ತೀರಾ ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೂ ಅವರು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಅಂದವಾಗಿ ಬರೆದುಕೊಂಡೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಜಾತಿ ನಾನು.

ಅದೇ ಕೂಟಕ್ಕೆ ಒಂದು ದಿನ ಕಾಪುವಿನ ಟ್ರಸ್ಟೊಂದರ ಹಿರಿಯರು ಬಂದರು. ಅವರದ್ದೊಂದು ಉಚಿತ ಡಯಾಲಿಸಿಸ್ ಕೇಂದ್ರ. ಕಿಡ್ನಿ ಸೋತವರು ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ನಾಲ್ಕು ಗಂಟೆ ಮಲಗಿ ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ಜಾಗ. ಇರುವುದು ನಾಲ್ಕು ಮಷಿನ್. ಕಾರ್ಕಳದಿಂದ ಬರುವ ಒಬ್ಬ ಸಿಸ್ಟರ್ ದಿನಾ ಮಧ್ಯಾಹ್ನ ಮರುದಿನದ ರೋಗಿಗಳಿಗೆಲ್ಲ ಫೋನ್ ಮಾಡಿ ಬರುತ್ತೀರಾ ಎಂದು ವಿಚಾರಿಸುತ್ತಿದ್ದರು. ಬಾರದವರ ಮಷಿನ್ ಕಾಯುತ್ತಿರುವ ಬೇರೆಯವರಿಗೆ ಸಿಗುತ್ತಿತ್ತು. ಆ ಫೋನಿನ ಕೆಲಸ ತಪ್ಪಿಸುವ ಆ್ಯಪ್ ಯಾರಾದರೂ ಮಾಡಿಕೊಡುತ್ತೀರಾ ಎಂದು ಹಿರಿಯರು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲಿತ್ತು.

ಕೈ ಎತ್ತಲು ಇನ್ನೊಂದು ಕಾರಣವೂ ಇತ್ತು. ನಮ್ಮ ಎದುರು ಮನೆಯ ಕಾಕ ಅದೇ ಕೇಂದ್ರಕ್ಕೆ ಹೋಗುತ್ತಿದ್ದರು. ಕರಾವಳಿಯ ಬ್ಯಾರಿ ಮುಸ್ಲಿಮರು, ಗಲ್ಫಿನಲ್ಲಿ ದಿನಸಿ ಅಂಗಡಿ ನಡೆಸಿ ಊರಿಗೆ ಮರಳಿದವರು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ನೋಡಿದವರು. ಅವರು ಗೇಟಿನ ಎದುರು ಕಂಡಾಗಲೆಲ್ಲ ಅಮ್ಮ ಹಿತ್ತಿಲಿನ ಬಾಳೆಹಣ್ಣು ಕೊಡುತ್ತಿದ್ದಳು, ಅವರು ತೆಗೆದುಕೊಂಡು, ಈ ಸಲದ್ದು ಲಾಯ್ಕುಂಟು ಎಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ವಾರಕ್ಕೆ ಎರಡು ಸರದಿ ಇತ್ತು. ಮೂರು ಬೇಕೇ ಬೇಕು ಎಂದು ಡಾಕ್ಟರು ಹೇಳಿದ್ದರು. ಮೂರನೆಯದಕ್ಕೆ ಜಾಗವಿರಲಿಲ್ಲ. ಆದ್ದರಿಂದ ಶನಿವಾರ ಯಾರಾದರೂ ಬಾರದಿದ್ದರೆ ಆ ಮಷಿನ್ ಕಾಕನಿಗೆ. ನಾಳೆ ಒಂದು ಖಾಲಿ ಆಗ್ತದೆ, ಬನ್ನಿ ಎಂದು ಸಿಸ್ಟರ್ ಶುಕ್ರವಾರವೇ ಹೇಳುತ್ತಿದ್ದರು. ಅವರ ಲೆಕ್ಕ ಹೆಚ್ಚುಕಡಿಮೆ ತಪ್ಪುತ್ತಿರಲಿಲ್ಲ. ಅದು ಹೇಗೆ ಅವರಿಗೆ ಗೊತ್ತಾಗುತ್ತದೆ ಎಂದು ನಾನು ಕೇಳಲಿಲ್ಲ.

ಮೂರು ವಾರದಲ್ಲಿ ಆ್ಯಪ್ ಮುಗಿಸಿದೆ. ಹಿಂದಿನ ದಿನ ರೋಗಿಯ ಫೋನಿಗೆ ಒಂದು ಪ್ರಶ್ನೆ ಹೋಗುತ್ತದೆ: ನಾಳೆ ನಿಮ್ಮ ಸರದಿ, ಬರುತ್ತೀರಾ? ಕೆಳಗೆ ಎರಡು ಬಟನ್. ಹಸಿರು ಹೌದು, ಕೆಂಪು ಇಲ್ಲ. ಏನೂ ಒತ್ತದವರು ಬರುತ್ತಾರೆ ಎಂದೇ ಲೆಕ್ಕ, ಉತ್ತರ ಕೊಡಲಿಲ್ಲ ಎಂದು ರೋಗಿಯ ಮಷಿನ್ ಕಿತ್ತುಕೊಳ್ಳಲಿಕ್ಕಾಗುತ್ತದೆಯೇ? ಅಷ್ಟು ವಿವೇಕ ನನಗಿತ್ತು. ಕೇಂದ್ರಕ್ಕೆ ಹೋಗಿ ರೋಗಿಗಳಿಗೆಲ್ಲ ತೋರಿಸಿದೆ. ಪಕ್ಕದಲ್ಲೇ ನಿಂತು, ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದೆ. ಹೇಗುಂಟು ಎಂದೂ ಕೇಳಿದೆ. ಎಲ್ಲರೂ ಲಾಯ್ಕುಂಟು ಎಂದರು. ಕಾಕ ಒಂದು ಹೆಜ್ಜೆ ಮುಂದೆ ಹೋಗಿ, ದುಬೈಯಲ್ಲೂ ಹೀಗಿಲ್ಲ ಎಂದರು. ನಾನು ಒಂದು ವಾರ ನೆಲಕ್ಕೆ ಕಾಲಿಡಲಿಲ್ಲ.

ಮುಂದಿನ ಕೂಟದಲ್ಲಿ ಮೇಡಂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಇಲ್ಲ ಎನ್ನುವ ಬಟನನ್ನು ಎಷ್ಟು ಜನ ಒತ್ತಿದರು ಎಂದು. ಒಬ್ಬರೂ ಇಲ್ಲ, ಈಗ ಎಲ್ಲರೂ ತಪ್ಪದೆ ಬರುತ್ತಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದೆ. ಅವರು, ಒಂದು ದಿನ ಹೋಗಿ ಅಲ್ಲಿ ಕೂತು ನೋಡಿ ಎಂದರು. ಆಯ್ತು ಎಂದೆ. ಹೋಗಲಿಲ್ಲ.

ಆ ನಡುವೆ ಶನಿವಾರಗಳಂದು, ಖಾಲಿ ಸಿಕ್ಕೀತೆಂದು ಕೇಂದ್ರಕ್ಕೆ ಹೋದ ಕಾಕ ಬೇಗನೇ ಮನೆಗೆ ಬರುವುದು ನಮ್ಮ ಜಗಲಿಯಿಂದ ಕಾಣುತ್ತಿತ್ತು. ಎಂತ ಕಾಕ, ಬೇಗ ಬಂದ್ರಿ ಎಂದರೆ, ಇವತ್ತು ಖಾಲಿ ಇರಲಿಲ್ಲ, ತೊಂದರೆ ಇಲ್ಲ ಎನ್ನುತ್ತಿದ್ದರು. ಎಲ್ಲರೂ ಬರುತ್ತಿದ್ದಾರಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಅವರ ಪಾದಗಳು ಊದಿ ಚಪ್ಪಲಿಯ ಪಟ್ಟಿ ಬಿಗಿಯಾದದ್ದನ್ನೂ ನೋಡಿದೆ.

ಆ್ಯಪ್ ಶುರುವಾದ ಮೇಲಿನ ಐದನೆಯ ಶನಿವಾರದ ಮರುದಿನ, ಊಟದ ಹೊತ್ತಿಗೆ ಕಾಕನ ಹೆಂಡತಿ ಗೇಟಿನಲ್ಲಿ ನಿಂತು ನನ್ನನ್ನು ಕೂಗಿದರು. ಕಾಕನಿಗೆ ಉಸಿರಾಡಲು ಆಗುತ್ತಿರಲಿಲ್ಲ. ನನ್ನ ಕಾರಿನಲ್ಲಿ ಮಣಿಪಾಲಕ್ಕೆ ಹೊರಟೆವು. ಒರಗಿದರೆ ಉಸಿರು ಕಟ್ಟುತ್ತದೆಂದು ಅವರು ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟು ಕೂತಿದ್ದರು. ದಿನಾ ಕೆಲಸಕ್ಕೆ ಹೋಗುವ ಅದೇ ರಸ್ತೆ. ಪ್ರತಿ ಸಿಗ್ನಲಿನಲ್ಲಿ ನಾನು ಅವರ ಉಸಿರನ್ನು ಎಣಿಸುತ್ತಿದ್ದೆ. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಕೂಡಲೇ ಮಷಿನಿಗೆ ಹಾಕಿದರು. ಹೊರಗೆ ಬೆಂಚಿನ ಮೇಲೆ ಕೂತಾಗ ಕಾಕನ ಹೆಂಡತಿ ನನ್ನ ಕಡೆ ತಿರುಗದೆಯೇ ಹೇಳಿದರು.

“ನಿನ್ನೆ ಮಷಿನ್ ಖಾಲಿ ಇತ್ತಂತೆ. ಹೋದ ಶನಿವಾರವೂ ಇತ್ತಂತೆ. ನಿನ್ನ ಆ್ಯಪಿನಲ್ಲಿ ಮಾತ್ರ ಬರ್ತಾರೆ ಅಂತ ಇತ್ತಂತೆ. ನಿನಗೆ ಹೇಳ್ಬಾರ್ದು ಅಂತ ಇವರು ಹೇಳಿದ್ದಾರೆ. ಹುಡುಗನಿಗೆ ಬೇಸರ ಆಗ್ತದಂತೆ.”

ಉಳಿದದ್ದನ್ನು ಅವರನ್ನೇ ಕೇಳಿ ತಿಳಿದೆ. ಬರುತ್ತಾರೆ ಎಂದು ಪರದೆಯಲ್ಲಿದ್ದ ರೋಗಿಗಾಗಿ ಕೇಂದ್ರದವರು ಒಂದೂವರೆ ಗಂಟೆ ಕಾಯುತ್ತಿದ್ದರು, ಪಡುಬಿದ್ರಿಯಿಂದಲೋ ಹೂಡೆಯಿಂದಲೋ ಬರುವ ಬಸ್ಸು ತಡವಾಗಿರಬಹುದು ಎಂದು. ಅಷ್ಟು ಹೊತ್ತು ಕಳೆದ ಮೇಲೆ ಕಾಕನನ್ನು ಮಲಗಿಸಿದರೆ ನಾಲ್ಕು ಗಂಟೆ ಮುಗಿಯುವ ಮೊದಲೇ ಮಧ್ಯಾಹ್ನದ ತಂಡ ಬಾಗಿಲಲ್ಲಿರುತ್ತಿತ್ತು. ಹಾಗಾಗಿ ಮಷಿನ್ ಖಾಲಿ, ಎದುರಿನ ಬೆಂಚಿನಲ್ಲಿ ಕಾಕ. ಐದು ಶನಿವಾರ ಹೀಗೆ. ನನಗೆ ನಾಚಿಕೆಯಾಯಿತು. ಬೇರೆ ಶಬ್ದ ಹುಡುಕುವುದರಲ್ಲಿ ಅರ್ಥವಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸೋಮವಾರ ರಜೆ ಹಾಕಿ ಬೆಳಿಗ್ಗೆಯೇ ಹೋಗಿ ಸಿಸ್ಟರ್ ಪಕ್ಕದಲ್ಲಿ ಕೂತೆ. ಕಾರ್ಕಳದ ಬಸ್ಸಿನಲ್ಲಿ ಪಡುಬಿದ್ರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದ ಅವರು, ಈಗ ಬಂದ್ರಾ ಎಂದಷ್ಟೇ ಕೇಳಿದರು. ಮಧ್ಯಾಹ್ನ ನನ್ನ ಕೋರಿಕೆಯಂತೆ ಹಳೆಯ ಪದ್ಧತಿಯಲ್ಲೇ ಫೋನ್ ಮಾಡತೊಡಗಿದರು. ಬರುತ್ತೀರಾ ಎಂದು ಅವರು ಒಬ್ಬರನ್ನೂ ಕೇಳಲಿಲ್ಲ. ಊಟ ಆಯ್ತಾ, ಕಾಲು ನೋವು ಹೇಗುಂಟು, ನಾಳೆ ಮನೆಯಲ್ಲಿ ಎಂತಾದ್ರೂ ವಿಶೇಷ ಉಂಟಾ ಎಂದು ಕೇಳಿದರು. ಆ ಕಡೆಯ ಹೆಂಗಸು ತಮ್ಮನ ಮಗಳ ನಿಶ್ಚಿತಾರ್ಥದ ಕಥೆಯನ್ನೆಲ್ಲ ಹೇಳಿ, ಆದ್ರೂ ನೋಡುವ, ಬರ್ಲಿಕ್ಕೆ ನೋಡ್ತೇನೆ ಎಂದರು. ಸಿಸ್ಟರ್ ಆ ಹೆಸರಿನ ಮೇಲೆ ಗೆರೆ ಎಳೆದರು.

“ಬರ್ಲಿಕ್ಕೆ ನೋಡ್ತೇನೆ ಅಂದ್ರಲ್ಲ ಸಿಸ್ಟರ್?”

“ಅದೇ ಮತ್ತೆ, ನೋಡುವ ಅಂದ್ರು. ನೀವು ಯಾವ ಊರಿನವರು ಮಾರಾಯ್ರೆ?”

ನಾನು ಅದೇ ಊರಿನವನು. ನಮ್ಮಲ್ಲಿ ಕರೆಯಲು ಬಂದವರಿಗೆ, ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಮದುವೆಯ ಕಾಗದ ಕೈಗೆ ಬಂದರೆ ಎರಡೂ ಕೈಯಲ್ಲಿ ತೆಗೆದುಕೊಂಡು, ನೋಡುವ ಎನ್ನುತ್ತೇವೆ. ಕೊಟ್ಟವರೂ ತಿಳಿದುಕೊಂಡು ಒಂದು ಎಲೆ ಕಡಿಮೆ ಹಾಕುತ್ತಾರೆ. ಅಮ್ಮ ಹಾಗೆಯೇ, ನಾನೂ ಹಾಗೆಯೇ. ಮೇಡಂಗೆ ಆಯ್ತು ಎಂದು ಹೇಳಿ ಹೋಗದೆ ಕೂತದ್ದು ಮತ್ತೇನು? ಅಂಥವರ ಕೈಗೆ, ಅದೂ ಹಣ ತೆಗೆದುಕೊಳ್ಳದೆ ಜೀವ ಉಳಿಸುತ್ತಿರುವ ಕೇಂದ್ರದ ಹೆಸರಿನಲ್ಲಿ, ಕೆಂಪು ಬಣ್ಣದ ಇಲ್ಲ ಕೊಟ್ಟು ಒತ್ತಿ ಎಂದಿದ್ದೆ. ಸಭ್ಯರು ಯಾರು ಒತ್ತುತ್ತಾರೆ? ಒಮ್ಮೆ ಇಲ್ಲ ಎಂದರೆ ಸರದಿಯೇ ತಪ್ಪಿಹೋದೀತು ಎಂಬ ಭಯವೂ ಅವರಿಗಿತ್ತು ಎಂದು ಸಿಸ್ಟರ್ ಹೇಳಿದರು.

ಕೆಂಪು ಬಟನ್ ತೆಗೆದುಹಾಕಿದೆ. ಅದರ ಜಾಗದಲ್ಲಿ ‘ನಾಳೆ ಮನೆಯಲ್ಲಿ ವಿಶೇಷ ಉಂಟು, ಬೇರೆ ದಿನ ಕೊಡಿ’ ಎಂದು ಬಂತು. ಬೇಡ ಎನ್ನಲಾರದವರೂ ಕೊಡಿ ಎಂದು ಕೇಳಬಲ್ಲರು. ಏನೂ ಒತ್ತದವರ ಹೆಸರು ಸಿಸ್ಟರ್ ಬಳಿಗೆ ಹೋಗುತ್ತದೆ, ಅವರಿಗೆ ಸಿಸ್ಟರೇ ಫೋನ್ ಮಾಡುತ್ತಾರೆ. ಈ ಸಲ ರೋಗಿಗಳ ಹಿಂದೆ ಸ್ಟೂಲು ಹಾಕಿ ಕೂತೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಮೊದಲ ವಾರವೇ ಇಬ್ಬರು ಬೇರೆ ದಿನ ಕೇಳಿದರು. ಆಸ್ಪತ್ರೆಯಿಂದ ಮರಳಿದ್ದ ಕಾಕನಿಗೆ ಆ ಶನಿವಾರ ಮಷಿನ್ ಸಿಕ್ಕಿತು. ಮುಂದಿನದಕ್ಕೂ ಸಿಕ್ಕಿತು.

ಇದನ್ನೆಲ್ಲ ಕೂಟದಲ್ಲಿ ಹೇಳಿ, ತಪ್ಪಿದ್ದನ್ನೂ ಸೇರಿಸಿ ಎಂದು ಮೇಡಂ ಹೇಳಿದರು. ಕಾಕನನ್ನೂ ಕರೆದೆ. ನೋಡುವ ಎಂದರು. ನಾನು ಅವರನ್ನು ಲೆಕ್ಕದಿಂದ ಬಿಟ್ಟೆ.

ನಾನು ಮಾತಾಡುತ್ತಿರುವಾಗ ಬಾಗಿಲು ತೆರೆಯಿತು. ಬಿಳಿ ಅಂಗಿ, ತಲೆಗೆ ಟೊಪ್ಪಿ. ಬೆಳಗಿನ ಮಷಿನ್ ಮುಗಿಸಿ, ಕಾಪುವಿನಿಂದ ಉಡುಪಿಗೊಂದು, ಉಡುಪಿಯಿಂದ ಮಣಿಪಾಲಕ್ಕೊಂದು ಬಸ್ಸು ಹಿಡಿದು ಕಾಕ ಬಂದಿದ್ದರು. ಹಿಂದಿನ ಸಾಲಿನಲ್ಲಿ ಕೂತರು. ನಾನು ಅಷ್ಟರಲ್ಲಿ ಒಬ್ಬ ರೋಗಿಗೆ ಸ್ವಲ್ಪ ಅನನುಕೂಲವಾಯಿತು ಎಂಬಲ್ಲಿಗೆ ಬಂದಿದ್ದೆ. ಆಸ್ಪತ್ರೆಯ ಸುದ್ದಿ ಎತ್ತದೆ ಅದೇ ಮಾತಿನಲ್ಲಿ ಮುಗಿಸಿಯೂ ಬಿಟ್ಟೆ. ಚಪ್ಪಾಳೆ ಬಿತ್ತು. ಬಳಸಿದವರು ಯಾರಾದರೂ ಮಾತಾಡುತ್ತೀರಾ ಎಂದು ಮೇಡಂ ಕೇಳಿದರು. ಕಾಕ ಎದ್ದು ನಿಂತರು. ನನ್ನೊಡನೆ ಯಾವತ್ತೂ ತುಳು ಮಾತಾಡುವವರು, ಸಭೆಯೆಂದು ಕನ್ನಡದಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

“ಮೊದಲಿನ ಆ್ಯಪ್ ಸರಿ ಇರಲಿಲ್ಲ. ಐದು ಶನಿವಾರ ಮಷಿನ್ ಖಾಲಿ ಇತ್ತು, ನಾನು ಎದುರಿಗೇ ಕೂತಿದ್ದೆ. ಇವನು ನಮ್ಮ ಹುಡುಗ, ಬೇಸರ ಆಗ್ತದೆ ಅಂತ ಹೇಳಲಿಲ್ಲ. ಹೇಳಬೇಕಿತ್ತು. ಈಗಿನದ್ದು ಆಗಬಹುದು. ಅಕ್ಷರ ಮಾತ್ರ ಸಣ್ಣದಾಯಿತು.”

ಉತ್ತರ ಕೊಡಲು ನನ್ನ ಬಾಯಿ ತೆರೆದೇ ಇತ್ತು. ಉತ್ತರ ಕೊಡದವರನ್ನು ಬರುವವರೆಂದು ಎಣಿಸಿದ್ದಕ್ಕೆ ಕಾರಣವಿತ್ತು, ಅದನ್ನು ವಿವರಿಸಬಹುದಿತ್ತು. ಮೇಡಂ ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿದೆ, ಪುಸ್ತಕ ತೆಗೆದು ಅಕ್ಷರ ಸಣ್ಣದು ಎಂದು ಬರೆದುಕೊಂಡೆ.

ಚಹಾದ ಹೊತ್ತಿಗೆ ಬನ್ಸಿನ ತಟ್ಟೆಯನ್ನು ನಾನೇ ಕಾಕನ ಎದುರು ಹಿಡಿದೆ. ಅವರು ತಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಬೇಡ,” ಎಂದರು. “ಬಾಳೆಹಣ್ಣು ಮುಟ್ಟಬಾರದು ಅಂತ ಡಾಕ್ಟ್ರು ಮೊದಲ ದಿನವೇ ಹೇಳಿದ್ದಾರೆ. ನಿನ್ನ ಅಮ್ಮನಿಗೂ ಹೇಳು.”